ವಿಮಾನದ ವೇಳೆ ಮುಂಚಿತವಾಗಿ ಬದಲಾದಾಗ: ಪ್ರಯಾಣಿಕರ ಹಕ್ಕುಗಳು ಮತ್ತು ವಾಣಿಜ್ಯೋದ್ಯಮಿಗಳು ವಹಿಸಬೇಕಾದ ಎಚ್ಚರ

ವ್ಯಾಪಾರದ ನಿಮಿತ್ತ ವಿಮಾನದಲ್ಲಿ ಸಂಚರಿಸುವವರು ಟಿಕೆಟ್ಟಿಗೆ ಹಣ ತೆರುವುದು ದೂರವನ್ನು ಕ್ರಮಿಸುವುದಕ್ಕಾಗಿ ಮಾತ್ರವಲ್ಲ. ಗೊತ್ತಾದ ವೇಳೆಗೆ ಗೊತ್ತಾದ ಸ್ಥಳವನ್ನು ತಲುಪುವುದಕ್ಕಾಗಿ. ಬೆಳಿಗ್ಗೆ ಹನ್ನೊಂದಕ್ಕೆ ದೆಹಲಿಯಲ್ಲಿ ಟೆಂಡರು ತೆರೆಯುವಾಗ ಹಾಜರಿರಬೇಕಾದ ಉದ್ಯಮಿಗೆ ಮಧ್ಯಾಹ್ನ ಎರಡಕ್ಕೆ ತಲುಪುವ ವಿಮಾನ ಎಷ್ಟು ಅಗ್ಗವಾದರೂ ನಿಷ್ಪ್ರಯೋಜಕ. ಹೀಗಿದ್ದರೂ ತಿಂಗಳುಗಳ ಮೊದಲೇ ಕಾಯ್ದಿರಿಸಿದ ಟಿಕೆಟ್ಟಿನ ಬಗ್ಗೆ ಒಂದು ದಿನ ದೂರವಾಣಿಗೆ ಕಿರುಸಂದೇಶ ಬರುತ್ತದೆ: ನಿಮ್ಮ ವಿಮಾನದ ವೇಳೆ ಪರಿಷ್ಕೃತವಾಗಿದೆ, ಒಪ್ಪಿಗೆಗಾಗಿ ಇಲ್ಲಿ ಒತ್ತಿರಿ. ಬಹುಪಾಲು ಪ್ರಯಾಣಿಕರು ಇದನ್ನು ಆಜ್ಞೆಯೆಂದೇ ಭಾವಿಸಿ ಒತ್ತಿಬಿಡುತ್ತಾರೆ, ಅಥವಾ ಓದದೆಯೇ ಬಿಡುತ್ತಾರೆ.

ವಾಸ್ತವದಲ್ಲಿ ಈ ಸಂದೇಶವು ಆಜ್ಞೆಯಲ್ಲ. ಪ್ರಯಾಣಿಕ ಮತ್ತು ವಿಮಾನಯಾನ ಸಂಸ್ಥೆಯ ನಡುವಿನ ಕರಾರನ್ನು ಬದಲಿಸಲು ಸಂಸ್ಥೆಯು ಮುಂದಿಟ್ಟಿರುವ ಪ್ರಸ್ತಾವನೆಯೆಂದೇ ಅದನ್ನು ಓದಬೇಕು. ಸೂಚನೆ ಎಷ್ಟು ದಿನ ಮೊದಲು ಬಂದಿತು, ಯಾರ ಕೈಸೇರಿತು, ಪ್ರಯಾಣಿಕನು ಏನೆಂದು ಉತ್ತರಿಸಿದನು ಎಂಬ ಮೂರು ಸಂಗತಿಗಳ ಮೇಲೆ ಆತನ ಹಕ್ಕುಗಳು ನಿಂತಿವೆ. ಈ ಮೂರನ್ನೂ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ವೇಳೆ ಬದಲಾಗುವುದೇಕೆ?

ವಿಮಾನಯಾನ ವೇಳಾಪಟ್ಟಿಗಳು ವರ್ಷಕ್ಕೆ ಎರಡು ಋತುಗಳಲ್ಲಿ ಸಿದ್ಧವಾಗುತ್ತವೆ. ಬೇಸಿಗೆಯ ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದಲೂ ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದಲೂ ಜಾರಿಗೆ ಬರುತ್ತವೆ. ನಮ್ಮ ದೇಶದಲ್ಲಿ ಇವುಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅನುಮೋದನೆ ನೀಡಬೇಕು. ಆದರೆ ಟಿಕೆಟ್ಟುಗಳ ಮಾರಾಟ ಇದಕ್ಕೂ ಎಷ್ಟೋ ತಿಂಗಳು ಮೊದಲೇ ಆರಂಭವಾಗಿರುತ್ತದೆ. ಆದಕಾರಣ ಮುಂದಿನ ಋತುವಿನ ಟಿಕೆಟ್ಟಿನಲ್ಲಿ ನಮೂದಾದ ವೇಳೆಯು ಅಂತಿಮವಾಗಿ ಹಾಗೆಯೇ ಉಳಿಯುವುದೆಂಬ ಖಾತರಿ ಇಲ್ಲ.

ಇದರ ಜೊತೆಗೆ ಸ್ಥಳೀಯ ಕಾರಣಗಳೂ ಇರುತ್ತವೆ. 2023ರ ಆರಂಭದಲ್ಲಿ ಮಂಗಳೂರು ವಿಮಾನ ನಿಲ್ದಾಣದ ಓಡುಪಥವನ್ನು ನವೀಕರಿಸಿದಾಗ ಹಗಲು ವೇಳೆಯ ಸಂಚಾರವನ್ನು ನಿಲ್ಲಿಸಿ ವಿಮಾನಗಳನ್ನು ಬೆಳಿಗ್ಗೆ ಮತ್ತು ಸಂಜೆಯ ನಂತರದ ವೇಳೆಗೆ ಹೊಂದಿಸಲಾಯಿತು. ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ವರ್ಷಗಳಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಂಚಾರವನ್ನು ಕೆಲವು ತಾಸುಗಳ ಕಾಲ ಮೊದಲೇ ತಿಳಿಸಿ ಸ್ಥಗಿತಗೊಳಿಸಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಪಶ್ಚಿಮ ದಿಕ್ಕಿನ ಮಾರ್ಗಗಳು ದೀರ್ಘವಾಗಿ, ವೇಳಾಪಟ್ಟಿಗಳು ಬದಲಾದವು.

ಮುಂಚಿತ ಬದಲಾವಣೆಗೂ ಹಠಾತ್ ರದ್ದತಿಗೂ ಇರುವ ಅಂತರ 2025ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಯಿತು. ಪೈಲಟ್‌ಗಳ ಕರ್ತವ್ಯಾವಧಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ಆ ತಿಂಗಳ ಮೊದಲ ವಾರದಲ್ಲಿ ರದ್ದಾದವು. ಆ ಬಳಿಕ ಸಂಸ್ಥೆಯ ವೇಳಾಪಟ್ಟಿಯನ್ನು ಶೇಕಡ 10ರಷ್ಟು ಕಡಿತಗೊಳಿಸಲು ಸರ್ಕಾರ ಆದೇಶಿಸಿತು. ಮೊದಲನೆಯದು ಪ್ರಯಾಣಿಕರು ನಿಲ್ದಾಣದಲ್ಲಿ ನಿಂತಿರುವಾಗಲೇ ಆದ ರದ್ದತಿ. ಎರಡನೆಯದು ಮುಂದಿನ ದಿನಗಳ ಟಿಕೆಟ್ಟುಗಳಿಗೆ ತಟ್ಟುವ ಬದಲಾವಣೆ. ನಿಯಮಗಳು ಇವೆರಡನ್ನೂ ಬೇರೆಬೇರೆಯಾಗಿ ಕಾಣುತ್ತವೆ.

ಭಾರತದ ನಿಯಮಗಳು: ಎರಡು ವಾರ ಮತ್ತು 24 ಗಂಟೆ

ಈ ವಿಷಯದಲ್ಲಿ ಆಧಾರವಾಗಿರುವುದು ಮಹಾನಿರ್ದೇಶನಾಲಯವು 2010ರ ಆಗಸ್ಟ್‌ನಲ್ಲಿ ಹೊರಡಿಸಿದ ನಾಗರಿಕ ವಿಮಾನಯಾನ ಅಗತ್ಯತೆಗಳ 3ನೇ ವಿಭಾಗ, ಎಂ ಸರಣಿ, 4ನೇ ಭಾಗ. ಇದು 2016, 2019 ಮತ್ತು 2023ರಲ್ಲಿ ಪರಿಷ್ಕೃತವಾಗಿದೆ. ಇದರ ಮುಖ್ಯಾಂಶಗಳು ಹೀಗಿವೆ.

ವಿಮಾನ ರದ್ದಾಗುವುದಿದ್ದರೆ ಸಂಸ್ಥೆಯು ನಿಗದಿತ ನಿರ್ಗಮನಕ್ಕೆ ಕನಿಷ್ಠ ಎರಡು ವಾರ ಮೊದಲು ಪ್ರಯಾಣಿಕನಿಗೆ ತಿಳಿಸಿ, ಆತನಿಗೆ ಒಪ್ಪಿಗೆಯಾಗುವಂತೆ ಬದಲಿ ವಿಮಾನವನ್ನಾಗಲಿ ಹಣದ ಮರುಪಾವತಿಯನ್ನಾಗಲಿ ಒದಗಿಸಬೇಕು. ಎರಡು ವಾರಕ್ಕಿಂತ ಕಡಿಮೆ, ಆದರೆ 24 ಗಂಟೆಗಳಿಗೆ ಮೊದಲು ತಿಳಿಸಿದರೂ ಇದೇ ಆಯ್ಕೆ ಪ್ರಯಾಣಿಕನಿಗೆ ಉಂಟು. ಇಲ್ಲಿ ‘ಒಪ್ಪಿಗೆಯಾಗುವಂತೆ’ ಎಂಬ ಮಾತು ಮಹತ್ವದ್ದು. ಆಯ್ಕೆ ಪ್ರಯಾಣಿಕನದೇ ಹೊರತು ಸಂಸ್ಥೆಯದಲ್ಲ.

ಹೀಗೆ ಸಕಾಲದಲ್ಲಿ ತಿಳಿಸದಿದ್ದರೆ, ಅಥವಾ ಅದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದ ಸಂಪರ್ಕ ವಿಮಾನ ತಪ್ಪಿಹೋದರೆ, ಸಂಸ್ಥೆಯು ಒಪ್ಪಿಗೆಯಾಗುವ ಬದಲಿ ವಿಮಾನವನ್ನು ಒದಗಿಸಬೇಕು. ಇಲ್ಲವೇ ಪೂರ್ಣ ಮರುಪಾವತಿಯ ಜೊತೆಗೆ ಪರಿಹಾರವನ್ನೂ ಕೊಡಬೇಕು. ಪರಿಹಾರದ ಮಿತಿಯು ಹಾರಾಟದ ಅವಧಿ 1 ಗಂಟೆಯವರೆಗಿದ್ದರೆ ರೂ. 5,000, 1ರಿಂದ 2 ಗಂಟೆಯವರೆಗಿದ್ದರೆ ರೂ. 7,500, 2 ಗಂಟೆಗಿಂತ ಹೆಚ್ಚಿದ್ದರೆ ರೂ. 10,000. ಒಂದು ಕಡೆಯ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತವು ಇದಕ್ಕಿಂತ ಕಡಿಮೆಯಿದ್ದರೆ ಆ ಕಡಿಮೆ ಮೊತ್ತವೇ ಅನ್ವಯ. ಗಲಭೆ, ಪ್ರಕೃತಿ ವಿಕೋಪ, ಪ್ರತಿಕೂಲ ಹವಾಮಾನ, ಭದ್ರತೆಯ ಅಪಾಯ, ಸರ್ಕಾರಿ ಆದೇಶ ಮುಂತಾದ ಸಂಸ್ಥೆಯ ಹಿಡಿತ ಮೀರಿದ ಕಾರಣಗಳಿದ್ದರೆ ಪರಿಹಾರ ದೊರೆಯದು.

ಸ್ವದೇಶೀ ವಿಮಾನವು 6 ಗಂಟೆಗಿಂತ ಹೆಚ್ಚು ತಡವಾಗುವುದಿದ್ದರೆ ಪರಿಷ್ಕೃತ ವೇಳೆಯನ್ನು ಮೂಲ ನಿರ್ಗಮನಕ್ಕೆ 24 ಗಂಟೆಗಳಿಗೂ ಮೊದಲೇ ತಿಳಿಸಬೇಕು. ಅಷ್ಟೇ ಅಲ್ಲದೆ 6 ಗಂಟೆಗಳ ಒಳಗೆ ಹೊರಡುವ ಬದಲಿ ವಿಮಾನ ಅಥವಾ ಪೂರ್ಣ ಮರುಪಾವತಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ನೀಡಬೇಕು. ಬದಲಿ ವಿಮಾನದಲ್ಲಿ ಕೆಳದರ್ಜೆಯ ಆಸನ ಕೊಟ್ಟರೆ ಸ್ವದೇಶೀ ಪ್ರಯಾಣದಲ್ಲಿ ತೆರಿಗೆ ಸಹಿತ ಟಿಕೆಟ್ ಬೆಲೆಯ ಶೇಕಡ 75ನ್ನು ಹಿಂದಿರುಗಿಸಬೇಕೆಂದು 2023ರ ತಿದ್ದುಪಡಿ ವಿಧಿಸಿದೆ.

ನಿಯಮ ಮೌನವಾಗಿರುವ ಎಡೆ

ಮೇಲಿನ ನಿಯಮಗಳಲ್ಲಿ ‘ರದ್ದತಿ’ ಮತ್ತು ‘ವಿಳಂಬ’ಗಳಿಗೆ ಸ್ಥಾನವಿದೆ. ಆದರೆ ತಿಂಗಳ ಮೊದಲೇ ವಿಮಾನವನ್ನು ಮೂರು ಗಂಟೆ ಮುಂದೂಡಿದರೆ, ಅಥವಾ ನಿಗದಿತ ವೇಳೆಗಿಂತ ಎರಡು ಗಂಟೆ ಮೊದಲೇ ಹೊರಡಿಸಿದರೆ, ಅದಕ್ಕೆ ಇಂತಿಷ್ಟು ಗಂಟೆ ಎಂಬ ಪ್ರತ್ಯೇಕ ಅಳತೆಗೋಲನ್ನು ಇವು ಹಾಕಿಕೊಟ್ಟಿಲ್ಲ. ಈ ಎಡೆಯಲ್ಲಿ ಪ್ರತಿ ಸಂಸ್ಥೆಯೂ ತನ್ನ ಸಾಗಣೆಯ ಷರತ್ತುಗಳನ್ನು ಅನ್ವಯಿಸುತ್ತದೆ. ಉಚಿತ ಬದಲಾವಣೆಗೆ ಅಥವಾ ಮರುಪಾವತಿಗೆ ವೇಳೆ ಎಷ್ಟು ವ್ಯತ್ಯಾಸವಾಗಿರಬೇಕು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವಾಗ ದರವನ್ನು ಮಾತ್ರವಲ್ಲದೆ ಈ ಷರತ್ತನ್ನೂ ಹೋಲಿಸಿ ನೋಡುವುದು ಜಾಣತನ.

ಮೊದಲೇ ಹೊರಡುವ ವಿಮಾನವು ತಡವಾಗಿ ಹೊರಡುವ ವಿಮಾನಕ್ಕಿಂತ ಅಪಾಯಕಾರಿ ಎಂಬುದು ಗಮನಾರ್ಹ. ತಡವಾದ ವಿಮಾನಕ್ಕಾಗಿ ಕಾಯಬಹುದು. ಮೊದಲೇ ಹೋದ ವಿಮಾನವನ್ನು ಹಿಡಿಯಲಾಗದು. ಟಿಕೆಟ್ಟಿನಲ್ಲಿ ನಮೂದಾದ ವೇಳೆಗೆ ಸಂಸ್ಥೆಯು ವಿಮಾನವನ್ನೇ ಓಡಿಸಲಿಲ್ಲವಾದ್ದರಿಂದ ಇದನ್ನು ರದ್ದತಿಗೆ ಸಮಾನವೆಂದು ಪರಿಗಣಿಸಬೇಕೆಂಬ ವಾದಕ್ಕೆ ಬಲವಿದೆ. ಸೇವಾನ್ಯೂನತೆಯ ದೂರಿನಲ್ಲಿ ಗ್ರಾಹಕ ಆಯೋಗದ ಮುಂದೆ ಈ ವಾದವನ್ನು ಮಂಡಿಸಲು ಅವಕಾಶವಿದೆ.

ಸೂಚನೆ ಯಾರಿಗೆ ತಲುಪಿತು?

2023ರ ಜನವರಿ 18ರಂದು ಅಮೃತಸರದಿಂದ ಸಿಂಗಪುರಕ್ಕೆ ಹೊರಡಬೇಕಿದ್ದ ಸ್ಕೂಟ್ ಸಂಸ್ಥೆಯ ವಿಮಾನವು ಸಂಜೆ 7.55ರ ಬದಲು ಸುಮಾರು ನಾಲ್ಕು ಗಂಟೆ ಮೊದಲೇ ಹೊರಟುಹೋಯಿತು. ಸುಮಾರು 30 ಪ್ರಯಾಣಿಕರು ನಿಲ್ದಾಣದಲ್ಲೇ ಉಳಿದರು. ವೇಳೆ ಬದಲಾದ ಸೂಚನೆ ಮುಂಚಿತವಾಗಿಯೇ ಹೊರಟಿತ್ತು. ಆದರೆ ಟಿಕೆಟ್ ಏಜೆಂಟರ ಹಂತವನ್ನು ದಾಟಿ ಈ ಪ್ರಯಾಣಿಕರನ್ನು ತಲುಪಿರಲಿಲ್ಲ. ಮಹಾನಿರ್ದೇಶನಾಲಯ ತನಿಖೆಗೆ ಆದೇಶಿಸಿತು.

ಸಂಸ್ಥೆಗಳ ಟಿಕೆಟ್ಟುಗಳನ್ನು ಪ್ರವಾಸ ಏಜೆಂಟರ ಮೂಲಕ ಕೊಳ್ಳುವ ನಮ್ಮ ಸದಸ್ಯರಿಗೆ ಇದಕ್ಕಿಂತ ಮುಖ್ಯವಾದ ಪಾಠ ಬೇರೊಂದಿಲ್ಲ. ಅನೇಕ ಏಜೆಂಟರು ಪ್ರಯಾಣಿಕನ ದೂರವಾಣಿ ಸಂಖ್ಯೆಯ ಬದಲು ತಮ್ಮದೇ ಸಂಖ್ಯೆಯನ್ನು ನಮೂದಿಸುತ್ತಾರೆ. ಭಾರತದ ನಿಯಮದಲ್ಲಿ, ಟಿಕೆಟ್ ಕಾಯ್ದಿರಿಸುವಾಗ ಸಮರ್ಪಕ ಸಂಪರ್ಕ ವಿವರಗಳನ್ನು ನೀಡದ ಪ್ರಯಾಣಿಕನಿಗೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಏಜೆಂಟರ ಅನುಕೂಲಕ್ಕಾಗಿ ಮಾಡಿದ ಈ ಚಿಕ್ಕ ನಮೂದು ಪ್ರಯಾಣಿಕನ ಹಕ್ಕನ್ನೇ ಕಳೆಯಬಲ್ಲದು.

ಯುರೋಪಿನ ನ್ಯಾಯಾಲಯ ಈ ಹೊರೆಯನ್ನು ಸಂಸ್ಥೆಯ ಮೇಲೆಯೇ ಇರಿಸಿದೆ. ಆಂಸ್ಟರ್‌ಡ್ಯಾಮ್‌ನಿಂದ ಸುರಿನಾಮ್ ದೇಶದ ಪರಮಾರಿಬೊಗೆ 2014ರ ನವೆಂಬರ್ 14ರಂದು ಹೊರಡಬೇಕಿದ್ದ ವಿಮಾನವನ್ನು ಮರುದಿನಕ್ಕೆ ಬದಲಿಸಿದ ಸಂಸ್ಥೆಯು ಅಕ್ಟೋಬರ್ 9ರಂದೇ ಅಂತರ್ಜಾಲ ಏಜೆಂಟರಿಗೆ ತಿಳಿಸಿತ್ತು. ಏಜೆಂಟರು ಪ್ರಯಾಣಿಕನಿಗೆ ತಿಳಿಸಿದ್ದು ನವೆಂಬರ್ 4ರಂದು, ಅಂದರೆ ಹತ್ತು ದಿನ ಮೊದಲು. ಎರಡು ವಾರ ಮೊದಲು ಸೂಚನೆಯು ಸ್ವತಃ ಪ್ರಯಾಣಿಕನನ್ನೇ ತಲುಪಿತ್ತೆಂದು ಸಂಸ್ಥೆ ರುಜುವಾತುಪಡಿಸದ ಕಾರಣ ಪರಿಹಾರ ಸಲ್ಲಬೇಕೆಂದು ಯುರೋಪಿನ ನ್ಯಾಯಾಲಯ 2017ರ ಮೇ ತಿಂಗಳಲ್ಲಿ ತೀರ್ಪಿತ್ತಿತು.

ಯುರೋಪ್, ಬ್ರಿಟನ್ ಮತ್ತು ಅಮೆರಿಕದ ನಿಯಮಗಳು

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಂಸ್ಟರ್‌ಡ್ಯಾಮ್ ಮುಂತಾದೆಡೆಗೆ ಸಂಚರಿಸುವವರಿಗೆ ಯುರೋಪ್ ಒಕ್ಕೂಟದ 261/2004 ಸಂಖ್ಯೆಯ ನಿಯಮಾವಳಿ ತಿಳಿದಿರಬೇಕು. 2005ರ ಫೆಬ್ರವರಿ 17ರಿಂದ ಜಾರಿಗೆ ಬಂದ ಇದು, ಒಕ್ಕೂಟದ ನಿಲ್ದಾಣಗಳಿಂದ ಹೊರಡುವ ಎಲ್ಲ ಸಂಸ್ಥೆಗಳ ವಿಮಾನಗಳಿಗೂ, ಹೊರದೇಶಗಳಿಂದ ಒಕ್ಕೂಟಕ್ಕೆ ಬರುವ ಯುರೋಪಿನ ಸಂಸ್ಥೆಗಳ ವಿಮಾನಗಳಿಗೂ ಅನ್ವಯಿಸುತ್ತದೆ. ಫ್ರಾಂಕ್‌ಫರ್ಟ್‌ನಿಂದ ಹೊರಡುವ ಭಾರತೀಯ ಸಂಸ್ಥೆಯ ವಿಮಾನ ಇದರ ವ್ಯಾಪ್ತಿಗೆ ಬರುತ್ತದೆ. ಭಾರತದಿಂದ ಅಲ್ಲಿಗೆ ಹೋಗುವ ಭಾರತೀಯ ಸಂಸ್ಥೆಯ ವಿಮಾನ ಬರುವುದಿಲ್ಲ.

ಈ ನಿಯಮಾವಳಿಯ ಪ್ರಕಾರ ಎರಡು ವಾರ ಮೊದಲೇ ತಿಳಿಸಿದರೆ ಪರಿಹಾರವಿಲ್ಲ. ಆದರೂ ಮರುಪಾವತಿ ಅಥವಾ ಬದಲಿ ಪ್ರಯಾಣದ ಆಯ್ಕೆ ಉಳಿಯುತ್ತದೆ. ಎರಡು ವಾರದಿಂದ ಏಳು ದಿನಗಳ ನಡುವೆ ತಿಳಿಸಿದರೆ, ಬದಲಿ ವಿಮಾನವು ಮೂಲವೇಳೆಗಿಂತ 2 ಗಂಟೆಗೂ ಹೆಚ್ಚು ಮೊದಲು ಹೊರಡಬಾರದು, 4 ಗಂಟೆಯಷ್ಟು ತಡವಾಗಿ ತಲುಪಬಾರದು. ಏಳು ದಿನಕ್ಕೂ ಕಡಿಮೆ ಅವಧಿಯಿದ್ದರೆ ಈ ಮಿತಿಗಳು ಕ್ರಮವಾಗಿ 1 ಗಂಟೆ ಮತ್ತು 2 ಗಂಟೆ. ಮಿತಿ ಮೀರಿದರೆ ದೂರಕ್ಕನುಗುಣವಾಗಿ 250, 400 ಅಥವಾ 600 ಯೂರೋ ಪರಿಹಾರ ಸಲ್ಲುತ್ತದೆ. ಬೆಂಗಳೂರು–ಯುರೋಪ್ ಮಾರ್ಗಕ್ಕೆ 600 ಯೂರೋ ಅನ್ವಯ. ಅಸಾಧಾರಣ ಸಂದರ್ಭಗಳ ವಿನಾಯಿತಿ ಇಲ್ಲಿಯೂ ಉಂಟು. ನಮ್ಮ ನಿಯಮ ಮೌನವಾಗಿರುವ ಪ್ರಶ್ನೆಗೆ ಯುರೋಪಿನ ನ್ಯಾಯಾಲಯವು 2021ರ ಡಿಸೆಂಬರ್ 21ರಂದು ಉತ್ತರಿಸಿತು. ಒಂದು ಗಂಟೆಗಿಂತ ಹೆಚ್ಚು ಮೊದಲೇ ಹೊರಡುವಂತೆ ಬದಲಿಸಿದ ವಿಮಾನವನ್ನು ರದ್ದಾದ ವಿಮಾನವೆಂದೇ ಪರಿಗಣಿಸಬೇಕೆಂಬುದು ಆ ತೀರ್ಪಿನ ಸಾರ.

ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಇದೇ ಚೌಕಟ್ಟನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. ಅಲ್ಲಿನ ದೀರ್ಘಮಾರ್ಗದ ಪರಿಹಾರ 520 ಪೌಂಡ್. ಅಮೆರಿಕದಲ್ಲಿ 2024ರಲ್ಲಿ ರೂಪುಗೊಂಡ ಕಾನೂನು ಬೇರೆ ಹಾದಿ ಹಿಡಿದಿದೆ. ನಿಗದಿತ ಪರಿಹಾರಕ್ಕಿಂತ ಮರುಪಾವತಿಗೆ ಅಲ್ಲಿ ಒತ್ತು. ಸ್ವದೇಶೀ ಪ್ರಯಾಣದಲ್ಲಿ 3 ಗಂಟೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮೊದಲು ಹೊರಟರೆ ಇಲ್ಲವೇ ತಡವಾಗಿ ತಲುಪಿದರೆ ಅದು ಗಣನೀಯ ಬದಲಾವಣೆ. ಪ್ರಯಾಣಿಕನು ಅದನ್ನು ನಿರಾಕರಿಸಿದರೆ, ಮರುಪಾವತಿಯಿಲ್ಲದ ಟಿಕೆಟ್ಟಾದರೂ ಹಣ ಹಿಂದಿರುಗಬೇಕು. ಅಮೆರಿಕಕ್ಕೆ ಹೋಗುವ ಹಾಗೂ ಅಲ್ಲಿಂದ ಹೊರಡುವ ವಿಮಾನಗಳಿಗೂ ಇದು ಅನ್ವಯಿಸುತ್ತದೆ.

ಒಂದು ಟಿಕೆಟ್ಟೋ ಎರಡು ಟಿಕೆಟ್ಟೋ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಯಂತ್ರೋಪಕರಣ ತಯಾರಕರೊಬ್ಬರು ಏಪ್ರಿಲ್‌ನಲ್ಲಿ ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ಹೋಗಲು ಜನವರಿಯಲ್ಲೇ ಟಿಕೆಟ್ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಜರ್ಮನಿಗೆ ರೂ. 80,000ದ ಒಂದು ಟಿಕೆಟ್, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಸಂಸ್ಥೆಯ ರೂ. 4,000ದ ಇನ್ನೊಂದು ಟಿಕೆಟ್. ಮಾರ್ಚ್ ಕೊನೆಗೆ ಬೇಸಿಗೆಯ ವೇಳಾಪಟ್ಟಿ ಬಂದು, ಹುಬ್ಬಳ್ಳಿಯ ಸಂಜೆಯ ವಿಮಾನ ರದ್ದಾಗಿ ಮರುದಿನ ಬೆಳಗಿನ ವಿಮಾನದಲ್ಲಿ ಆಸನ ಕೊಡಲಾಗುತ್ತದೆ. ಸೂಚನೆ ಮೂರು ವಾರ ಮೊದಲೇ ಬಂದಿದೆ.

ಸ್ವದೇಶೀ ಸಂಸ್ಥೆಯ ಹೊಣೆ ಇಲ್ಲಿ ರೂ. 4,000ಕ್ಕೆ ಸೀಮಿತ. ಪ್ರಯಾಣಿಕರು ಮರುಪಾವತಿ ಪಡೆದು ರೈಲಿನಲ್ಲೋ ರಸ್ತೆಯಲ್ಲೋ ಬೆಂಗಳೂರು ಸೇರಬಹುದು. ಸೂಚನೆಯನ್ನು ಓದದೆ ಬಿಟ್ಟು ಜರ್ಮನಿಯ ವಿಮಾನ ತಪ್ಪಿಸಿಕೊಂಡರೆ ರೂ. 80,000ದ ನಷ್ಟಕ್ಕೆ ಯಾವ ಸಂಸ್ಥೆಯೂ ಸುಲಭವಾಗಿ ಹೊಣೆಯಾಗದು. ಅದೇ ಎರಡೂ ಹಂತಗಳು ಒಂದೇ ಟಿಕೆಟ್ಟಿನಲ್ಲಿದ್ದಿದ್ದರೆ, ಮೊದಲ ಹಂತದ ಬದಲಾವಣೆಯಿಂದ ಸಂಪರ್ಕ ತಪ್ಪುವಾಗ ಇಡೀ ಪ್ರಯಾಣವನ್ನು ಮರುಹೊಂದಿಸುವ ಹೊಣೆ ಸಂಸ್ಥೆಯದಾಗುತ್ತಿತ್ತು. ಬೇರೆ ಟಿಕೆಟ್ಟುಗಳಿಂದ ಉಳಿಯುವ ಅಲ್ಪಸ್ವಲ್ಪ ಹಣವನ್ನು ಈ ಅಪಾಯದೊಡನೆ ತೂಗಿ ನೋಡಬೇಕು.

ಮರುಪಾವತಿ ಮತ್ತು ಸರಕು ಸೇವಾ ತೆರಿಗೆ

ಮರುಪಾವತಿಯ ಬದಲು ಮುಂದಿನ ಪ್ರಯಾಣಕ್ಕೆ ಬಳಸುವ ಜಮೆಯನ್ನು ಸಂಸ್ಥೆಗಳು ಮುಂದಿಡುವುದುಂಟು. ಅದನ್ನು ಒಪ್ಪುವುದೂ ಬಿಡುವುದೂ ಪ್ರಯಾಣಿಕನ ಇಚ್ಛೆ. ಸಂಸ್ಥೆಯು ಅದನ್ನೇ ಹೇರುವಂತಿಲ್ಲ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನಲ್ಲಿಯೂ ಮರುಪಾವತಿಯ ಹೊಣೆ ಸಂಸ್ಥೆಯದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. ವಿದೇಶಿ ಸಂಸ್ಥೆಗಳ ವಿಷಯದಲ್ಲಿ ಅವುಗಳ ಮೂಲದೇಶದ ಮರುಪಾವತಿ ನಿಯಮಗಳು ಅನ್ವಯಿಸುತ್ತವೆ.

ಟಿಕೆಟ್ಟಿನ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆದಿರುವ ಸಂಸ್ಥೆಗಳು, ಹಣ ಮರಳಿ ಬಂದಾಗ ವಿಮಾನಯಾನ ಸಂಸ್ಥೆಯಿಂದ ಕ್ರೆಡಿಟ್ ನೋಟ್ ಪಡೆದು ಅಷ್ಟರಮಟ್ಟಿಗೆ ಜಮೆಯನ್ನು ಕಡಿತಗೊಳಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ದರ್ಜೆಗೆ ಶೇಕಡ 5, ಅದಕ್ಕೂ ಮೇಲಿನ ದರ್ಜೆಗಳಿಗೆ ಶೇಕಡ 18 ತೆರಿಗೆ ಇರುವುದರಿಂದ, ಮೇಲ್ದರ್ಜೆಯ ಟಿಕೆಟ್ಟುಗಳಲ್ಲಿ ಈ ಮೊತ್ತ ಅಲಕ್ಷಿಸುವಂಥದ್ದಲ್ಲ.

ದೂರು ಸಲ್ಲಿಸುವುದೆಲ್ಲಿ?

ಮೊದಲು ಸಂಸ್ಥೆಯ ನೋಡಲ್ ಅಧಿಕಾರಿಗೆ, ಅಲ್ಲಿ ಪರಿಹಾರ ಕಾಣದಿದ್ದರೆ ಅದರ ಮೇಲ್ಮನವಿ ಪ್ರಾಧಿಕಾರಿಗೆ ಲಿಖಿತವಾಗಿ ದೂರಬೇಕು. ಅನಂತರ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸಂಸ್ಥೆಯ ಪ್ರಧಾನ ಕಚೇರಿ ದೆಹಲಿಯಲ್ಲಿದ್ದರೂ ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಸೇವೆಗೆ ತೆತ್ತ ಮೊತ್ತ ರೂ. 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಈ ಅಧಿನಿಯಮದ ಪ್ರಕಾರ ‘ಗ್ರಾಹಕ’ರಲ್ಲ. ಕಂಪನಿ ಕೊಂಡ ಟಿಕೆಟ್ಟುಗಳ ಬಗ್ಗೆ ಸಂಸ್ಥೆಗಳು ಈ ಆಕ್ಷೇಪವನ್ನು ಎತ್ತಬಹುದು. ಆದರೆ ಕೊಂಡವರು ವ್ಯಾಪಾರಿಗಳೆಂಬ ಮಾತ್ರಕ್ಕೆ ಉದ್ದೇಶ ವಾಣಿಜ್ಯವಾಗದು. ಆ ಸೇವೆಗೂ ಲಾಭಗಳಿಕೆಯ ಚಟುವಟಿಕೆಗೂ ನೇರ ಸಂಬಂಧವಿದೆಯೇ ಎಂಬುದನ್ನು ಪ್ರಕರಣದಿಂದ ಪ್ರಕರಣಕ್ಕೆ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಮಹಾನಿರ್ದೇಶನಾಲಯದ ನಿಯಮಗಳಾದರೋ ವ್ಯಾಪಾರದ ಪ್ರಯಾಣಿಕ, ಪ್ರವಾಸಿ ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತವೆ.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಟಿಕೆಟ್ಟಿನಲ್ಲಿ ಪ್ರಯಾಣಿಕನ ಸ್ವಂತ ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆ ವಿಳಾಸ ನಮೂದಾಗಿವೆಯೇ ಎಂಬುದನ್ನು ಕೊಂಡ ದಿನವೇ ಖಚಿತಪಡಿಸಿಕೊಳ್ಳಿರಿ. ಏಜೆಂಟರಿಗೆ ಇದನ್ನು ಲಿಖಿತ ಷರತ್ತಾಗಿ ವಿಧಿಸಿರಿ.

2. ಮಾರ್ಚ್ ಹಾಗೂ ಅಕ್ಟೋಬರ್ ಕೊನೆಯ ನಂತರದ ಪ್ರಯಾಣಗಳಿದ್ದರೆ ವೇಳೆಯನ್ನು ಮೂರು ವಾರ ಮೊದಲು ಒಮ್ಮೆ, ಹಿಂದಿನ ದಿನ ಮತ್ತೊಮ್ಮೆ ಪರಿಶೀಲಿಸಿರಿ.

3. ಬದಲಾವಣೆಯ ಸಂದೇಶ ಬಂದಾಗ ಕೂಡಲೇ ಒಪ್ಪಿಗೆ ಒತ್ತಬೇಡಿರಿ. ಸಂಪರ್ಕ ವಿಮಾನ, ಸಭೆ, ವಸತಿ ಇವುಗಳೊಡನೆ ಹೊಂದುವುದೇ ಎಂದು ನೋಡಿ, ಹೊಂದದಿದ್ದರೆ ಬೇಕಾದ ಬದಲಿ ವಿಮಾನವನ್ನು ಹೆಸರಿಸಿ ಅಥವಾ ಮರುಪಾವತಿಯನ್ನು ಕೋರಿ ಬರೆಯಿರಿ.

4. ಮೂಲ ಟಿಕೆಟ್, ಬದಲಾವಣೆಯ ಸಂದೇಶ ಮತ್ತು ಅದು ಬಂದ ದಿನಾಂಕ, ಸಂಸ್ಥೆಯ ಉತ್ತರ ಇವುಗಳ ಪ್ರತಿಗಳನ್ನು ಕಾಪಾಡಿರಿ.

5. ಮುಖ್ಯವಾದ ಪ್ರಯಾಣಗಳಿಗೆ ಎಲ್ಲ ಹಂತಗಳನ್ನೂ ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿರಿ. ಆಗದಿದ್ದರೆ ನಡುವೆ ಒಂದು ರಾತ್ರಿಯ ಅಂತರವಿಡಿರಿ.

ಸೂಚನೆಯನ್ನು ಮುಂಚಿತವಾಗಿ ಕೊಡುವಂತೆ ನಿಯಮಗಳು ವಿಧಿಸಿರುವುದು ಪ್ರಯಾಣಿಕನು ತನ್ನ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳಲೆಂದು. ಆ ಎರಡು ವಾರಗಳನ್ನು ಬಳಸಿಕೊಂಡವನಿಗೆ ಬದಲಿ ವಿಮಾನವೋ ಪೂರ್ಣ ಹಣವೋ ದೊರೆಯುತ್ತದೆ. ವೇಳೆ ಮುಂಚಿತವಾಗಿ ಬದಲಾದಾಗ ಎಷ್ಟು ಗಂಟೆಯ ವ್ಯತ್ಯಾಸಕ್ಕೆ ಮರುಪಾವತಿ ಎಂಬುದನ್ನು ನಮ್ಮ ದೇಶದ ನಿಯಮಗಳಲ್ಲಿಯೂ ಸ್ಪಷ್ಟವಾಗಿ ನಮೂದಿಸುವುದು ಅಪೇಕ್ಷಣೀಯ. ಅಲ್ಲಿಯವರೆಗೆ ಸದಸ್ಯರು ಪ್ರತಿಯೊಂದು ಸಂದೇಶವನ್ನೂ ಕರಾರಿನ ಪತ್ರದಷ್ಟೇ ಜಾಗರೂಕತೆಯಿಂದ ಓದಿ ಉತ್ತರಿಸುವುದು ಲೇಸು.